ತಾಳ್ಮೆಯ ಗುರಿ ಯಾವುದು?

ತಾಳ್ಮೆಯು ದೊಡ್ಡ ಗುಣವೆಂಬುದನ್ನು ನಾವೆಲ್ಲರೂ ಬಾಲ್ಯದಿಂದಲೇ ಕೇಳುತ್ತ ಬಂದಿದ್ದೇವೆ. ‘ತಾಳಿದವನು ಬಾಳಿಯಾನು’ ಎಂದು ಹಿರಿಯರು ನಮಗೆ ಹೇಳಿದರು. ನಾವು ಅದನ್ನೇ ನಮ್ಮ ಮಕ್ಕಳಿಗೆ ಹೇಳುತ್ತಿದ್ದೇವೆ. ಈ ಮಾತಿನಲ್ಲಿ ಹುರುಳಿಲ್ಲವೆಂದು ಯಾರೂ ಹೇಳಲಾರರು. ಆದರೂ ತುಸು ನಿಂತು ವಿಚಾರ ಮಾಡಿದರೆ ಇಲ್ಲೊಂದು ತೊಡಕು ಕಾಣಿಸುತ್ತದೆ. ಕೆರೆಯ ಅಂಚಿನಲ್ಲಿ ಒಂಟಿಕಾಲಿನ ಮೇಲೆ ನಿಂತ ಕೊಕ್ಕರೆಯ ತಾಳ್ಮೆ ಯಾವ ತಪಸ್ವಿಯ ತಾಳ್ಮೆಗೆ ಕಡಿಮೆಯದು? ಮನೆಯವರೆಲ್ಲ ಮಲಗಲೆಂದು ಕತ್ತಲೆಯಲ್ಲಿ ಅಡಗಿ ಕುಳಿತ ಕಳ್ಳನೂ ತಾಳ್ಮೆಯುಳ್ಳವನೇ. ನಮ್ಮ ಜನರು ಇದನ್ನು ಚೆನ್ನಾಗಿ ಬಲ್ಲರು. ಆದ್ದರಿಂದಲೇ ಕೊಕ್ಕರೆಯ ನಿಲುವನ್ನು ಧ್ಯಾನವೆಂದು ಬಿಡದೆ ಬಕಧ್ಯಾನವೆಂದು ಬೇರೆಯಾಗಿ ಹೆಸರಿಸಿದರು. ಹೊರನೋಟಕ್ಕೆ ಎರಡೂ ಒಂದೇ. ಒಳಗಿನ ಗುರಿ ಬೇರೆ. ‘ಎಷ್ಟು ಕಾಲ ಕಾದೆ?’ ಎಂಬ ಪ್ರಶ್ನೆಗಿಂತ ‘ಯಾವುದಕ್ಕಾಗಿ ಕಾದೆ?’ ಎಂಬ ಪ್ರಶ್ನೆಯೇ ಹಿರಿದೆಂಬುದು ಇದರಿಂದ ಸ್ಪಷ್ಟವಾಗುತ್ತದೆ.

ಈ ಪ್ರಶ್ನೆಯನ್ನು ಪರಿಶೀಲಿಸಲು ಛಾಯಾಚಿತ್ರ ಕಲೆಯಿಂದ ಒಂದು ನಿದರ್ಶನವನ್ನು ಆರಿಸಿಕೊಳ್ಳಬಯಸುತ್ತೇನೆ. ಧರ್ಮಾಧರ್ಮ ವಿಚಾರಕ್ಕೂ ಛಾಯಾಚಿತ್ರಕ್ಕೂ ಏನು ಸಂಬಂಧವೆಂದು ಕೆಲವರಿಗೆ ಅನಿಸಬಹುದು. ಸಂಬಂಧವುಂಟು. ಚಿತ್ರಕಾರನು ತನ್ನ ಮನಸ್ಸಿನಲ್ಲಿರುವುದನ್ನು ಬರೆಯುತ್ತಾನೆ. ಅದು ಹೊರಗೆ ಇದ್ದರೂ ಇಲ್ಲದಿದ್ದರೂ ಅವನನ್ನು ಯಾರೂ ಆಕ್ಷೇಪಿಸುವುದಿಲ್ಲ. ಛಾಯಾಗ್ರಾಹಕನಾದರೋ ಎದುರಿಗೆ ಇರುವುದನ್ನು ಹಿಡಿಯುವವನು. ಅವನು ಕಾಯಬಲ್ಲನೇ ಹೊರತು ಸೃಷ್ಟಿಸಲಾರನು. ಮೋಡ ಸರಿಯುವ ತನಕ, ಹಕ್ಕಿ ಎರಗುವ ತನಕ, ಮಗು ನಗುವ ತನಕ ಅವನು ಕಾಯಬೇಕು. ಹೀಗೆ ಕಾಯುವುದೇ ಅವನ ಅರ್ಧ ವಿದ್ಯೆ. ಆದಕಾರಣ ತಾಳ್ಮೆಯ ಗುಣದೋಷಗಳೆರಡೂ ಈ ಕಲೆಯಲ್ಲಿ ಕನ್ನಡಿಯಲ್ಲಿ ಕಂಡಂತೆ ಕಾಣುತ್ತವೆ.

೨೦೧೫ರಲ್ಲಿ ಸ್ಕಾಟ್ಲೆಂಡಿನ ಛಾಯಾಗ್ರಾಹಕರಾದ ಅಲನ್ ಮೆಕ್‌ಫೇಡಿಯನ್ ಎಂಬವರ ಒಂದು ಚಿತ್ರವು ಜಗತ್ತಿನ ಪತ್ರಿಕೆಗಳಲ್ಲೆಲ್ಲ ಪ್ರಕಟವಾಯಿತು. ಮಿಂಚುಳ್ಳಿಯೊಂದು ನೀರಿಗೆ ನೆಟ್ಟಗೆ ಎರಗುತ್ತಿದೆ. ಕೊಕ್ಕಿನ ತುದಿ ಜಲವನ್ನು ಮುಟ್ಟುವ ಕ್ಷಣ. ಒಂದು ಹನಿಯೂ ಸಿಡಿದಿಲ್ಲ. ಕೆಳಗೆ ನೀರಿನಲ್ಲಿ ಅದೇ ಹಕ್ಕಿಯ ಪ್ರತಿಬಿಂಬವು ಮೇಲ್ಮುಖವಾಗಿ ಅದನ್ನು ಎದುರುಗೊಳ್ಳುತ್ತಿದೆ. ಈ ಒಂದು ಚಿತ್ರಕ್ಕಾಗಿ ಅವರು ೬ ವರ್ಷಗಳ ಅವಧಿಯಲ್ಲಿ ೪,೨೦೦ ಗಂಟೆಗಳನ್ನು ವಿನಿಯೋಗಿಸಿ ೭,೨೦,೦೦೦ ಚಿತ್ರಗಳನ್ನು ತೆಗೆದಿದ್ದರೆಂದು ಪತ್ರಿಕೆಗಳು ವರದಿ ಮಾಡಿದವು. ಇದನ್ನು ಓದಿದವರು ಎರಡು ಬಗೆಯಾಗಿ ಮಾತನಾಡಿಕೊಂಡರೆ ಆಶ್ಚರ್ಯವಿಲ್ಲ. ‘ಎಂತಹ ನಿಷ್ಠೆ!’ ಎನ್ನುವವರು ಕೆಲವರು. ‘ಒಂದು ಹಕ್ಕಿಯ ಚಿತ್ರಕ್ಕೆ ಇಷ್ಟೇ?’ ಎನ್ನುವವರು ಕೆಲವರು. ಎರಡು ಮಾತುಗಳೂ ಲೆಕ್ಕವನ್ನೇ ನೋಡುತ್ತವೆ. ಗಂಟೆಗಳನ್ನು ಎಣಿಸಿ ನಿಷ್ಠೆಯನ್ನು ಅಳೆಯುವುದಾದರೆ ಕೊಕ್ಕರೆಗೂ ಅದೇ ಅಳತೆಗೋಲು ಸಲ್ಲಬೇಕಾಗುತ್ತದೆ. ಆದುದರಿಂದ ನಾವು ಲೆಕ್ಕವನ್ನು ದಾಟಿ ಇನ್ನೂ ಆಳಕ್ಕೆ ಇಳಿಯಬೇಕು. ಅದಕ್ಕೆ ನೂರು ವರ್ಷಗಳಿಗೂ ಹಿಂದಿನ ಒಬ್ಬ ರೈತನ ಚರಿತ್ರೆಯು ನಮಗೆ ನೆರವಾಗುತ್ತದೆ.

ಅಮೆರಿಕದ ಈಶಾನ್ಯ ಮೂಲೆಯಲ್ಲಿ ವರ್ಮಾಂಟ್ ಎಂಬ ಗುಡ್ಡಗಾಡಿನ ರಾಜ್ಯವಿದೆ. ಅಲ್ಲಿನ ಚಳಿಗಾಲ ದೀರ್ಘವಾದುದು. ತಿಂಗಳುಗಟ್ಟಲೆ ನೆಲವೆಲ್ಲ ಹಿಮದಿಂದ ಮುಚ್ಚಿರುತ್ತದೆ. ಆ ರಾಜ್ಯದ ಜೆರಿಕೋ ಎಂಬ ಊರಿನಲ್ಲಿ ೧೮೬೫ನೆಯ ಇಸವಿ ಫೆಬ್ರುವರಿ ೯ರಂದು ವಿಲ್ಸನ್ ಬೆಂಟ್ಲಿ ಹುಟ್ಟಿದನು. ತಂದೆ ಒಕ್ಕಲುತನದವನು, ಹಸುಗಳನ್ನು ಸಾಕಿ, ಹೊಲ ಉತ್ತು ಬಾಳುವ ಮನೆತನ. ತಾಯಿ ಮದುವೆಗೆ ಮುಂಚೆ ಶಾಲೆಯಲ್ಲಿ ಕಲಿಸುತ್ತಿದ್ದವಳು. ಮಗನಿಗೆ ೧೪ ವರ್ಷ ತುಂಬುವವರೆಗೆ ತಾನೇ ಮನೆಯಲ್ಲಿ ಪಾಠ ಹೇಳಿದಳು. ಅವಳ ಬಳಿ ಒಂದು ಚಿಕ್ಕ ಸೂಕ್ಷ್ಮದರ್ಶಕವಿತ್ತು. ಅದರ ಕೆಳಗೆ ಹುಡುಗನು ಹೂವಿನ ಎಸಳನ್ನು, ಕಲ್ಲಿನ ಚೂರನ್ನು, ನೀರಿನ ಹನಿಯನ್ನು ಇಟ್ಟು ನೋಡಿದನು. ಕೊನೆಗೊಂದು ದಿನ ಹಿಮದ ಕಣವನ್ನು ಇಟ್ಟನು. ಅಂದಿನಿಂದ ಅವನ ಕಣ್ಣು ಬೇರೆ ಕಡೆಗೆ ತಿರುಗಲಿಲ್ಲ.

ಹಿಮವನ್ನು ಕಣ್ಣಾರೆ ಕಾಣದ ನಮ್ಮಂತಹವರಿಗೆ ಇಲ್ಲಿ ಒಂದು ವಿವರಣೆ ಅಗತ್ಯ. ಬರಿಗಣ್ಣಿಗೆ ಹತ್ತಿಯ ಎಳೆಯಂತೆ ತೋರುವ ಹಿಮವು ನಿಜವಾಗಿ ಸಣ್ಣ ಸಣ್ಣ ಹರಳುಗಳ ಕೂಟ. ಒಂದೊಂದು ಹರಳೂ ಕೆಲವೇ ಮಿಲಿಮೀಟರುಗಳಷ್ಟು ಅಗಲ. ನೀರಿನ ಅಣುಗಳು ಹೆಪ್ಪುಗಟ್ಟುವಾಗ ಆರು ಮೂಲೆಯ ಜಾಲದಂತೆ ಜೋಡಣೆಗೊಳ್ಳುತ್ತವೆಯಾದ್ದರಿಂದ ಹರಳಿಗೂ ಆರು ಭುಜಗಳು ಮೂಡುತ್ತವೆ. ಮೋಡದಿಂದ ಇಳಿದು ಬರುವ ದಾರಿಯಲ್ಲಿ ಅದು ಹಾದುಹೋಗುವ ಗಾಳಿಯ ಶೀತ ಮತ್ತು ತೇವಗಳಿಗೆ ಅನುಗುಣವಾಗಿ ಆ ಭುಜಗಳಲ್ಲಿ ಕವಲುಗಳು, ಕವಲುಗಳಲ್ಲಿ ಎಲೆಗಳು, ಎಲೆಗಳಲ್ಲಿ ಗೀರುಗಳು ಒಡೆಯುತ್ತವೆ. ಮನೆಯಂಗಳದಲ್ಲಿ ಕೈನುರಿತ ಹೆಣ್ಣುಮಗಳು ಚುಕ್ಕಿಯಿಟ್ಟು ಬಿಡಿಸಿದ ರಂಗೋಲಿಯಂತೆ ಅದು ಕಾಣುತ್ತದೆ. ಆದರೆ ಅಂಗಳದ ರಂಗೋಲಿ ಸಂಜೆಯವರೆಗಾದರೂ ಉಳಿಯುತ್ತದೆ. ಈ ರಂಗೋಲಿಯು ಒಂದು ಉಸಿರಿಗೆ ಕರಗಿಹೋಗುತ್ತದೆ.

ಹುಡುಗ ಬೆಂಟ್ಲಿಯ ಸಂಕಟ ಇದೇ ಆಗಿತ್ತು. ಕಂಡುದನ್ನು ಉಳಿಸಿಕೊಳ್ಳಬೇಕೆಂದು ಅವನು ಮೂರು ಚಳಿಗಾಲ ಹರಳುಗಳ ಚಿತ್ರ ಬರೆದನು. ಗೆರೆ ಮುಗಿಯುವ ಮುನ್ನ ಹರಳು ನೀರಾಗುತ್ತಿತ್ತು. ಸೂಕ್ಷ್ಮದರ್ಶಕಕ್ಕೆ ಕ್ಯಾಮೆರಾವನ್ನು ಜೋಡಿಸಿದರೆ ಚಿತ್ರ ತೆಗೆಯಬಹುದೆಂದು ಓದಿ ತಿಳಿದನು. ಆದರೆ ಆ ಸಲಕರಣೆಗಳಿಗೆ ಸುಮಾರು ನೂರು ಡಾಲರು ಬೇಕಿತ್ತು; ಆ ಕಾಲದ ಒಕ್ಕಲು ಮನೆಗೆ ಅದು ಸಣ್ಣ ಮೊತ್ತವಲ್ಲ. ಹಿಮದ ಕಣದ ಹಿಂದೆ ಬೀಳುವುದು ಕೆಲಸವಿಲ್ಲದವರ ಕೆಲಸವೆಂದು ತಂದೆಯ ಮತ. ಆದರೂ ತಾಯಿಯ ಒತ್ತಾಯದಿಂದ ಆತನು ಹಣ ಕೊಟ್ಟನು. ತಂದೆಗೆ ಮಗನ ಹುಚ್ಚು ಅರ್ಥವಾಗಲಿಲ್ಲ. ಆದರೂ ಅವನು ಕೊಟ್ಟನು. ಸಾಧಕರ ಚರಿತ್ರೆಯನ್ನು ಬರೆಯುವಾಗ ಇಂತಹ ತಂದೆ ತಾಯಿಯರ ಈ ಮೌನ ತ್ಯಾಗವನ್ನು ನಾವು ಮರೆಯಬಾರದು.

ಕ್ಯಾಮೆರಾ ಬಂದ ಮಾತ್ರಕ್ಕೆ ಚಿತ್ರ ಬರಲಿಲ್ಲ. ಕಲಿಸುವವರು ಯಾರೂ ಇಲ್ಲದೆ ತಾನೇ ತಪ್ಪಿ ತಾನೇ ತಿದ್ದಿಕೊಳ್ಳುತ್ತ ಬೆಂಟ್ಲಿಯು ಪ್ರಯತ್ನಿಸಿದನು. ಕೊನೆಗೆ ೧೮೮೫ರ ಜನವರಿ ೧೫ರಂದು, ಇಪ್ಪತ್ತು ತುಂಬಲು ಇನ್ನೂ ಕೆಲವು ವಾರಗಳಿದ್ದಾಗ, ಒಂದು ಹಿಮದ ಹರಳಿನ ಸ್ಫುಟವಾದ ಛಾಯಾಚಿತ್ರವನ್ನು ಪಡೆದನು. ಅಲ್ಲಿಂದ ಮುಂದೆ ೪೬ ವರ್ಷಗಳ ಕಾಲ ಪ್ರತಿ ಚಳಿಗಾಲವೂ ಅವನು ಅದೇ ಕೆಲಸದಲ್ಲಿ ತೊಡಗಿದ್ದನು. ಬದುಕಿನ ಕೊನೆಗೆ ಅವನ ಬಳಿ ೫,೦೦೦ಕ್ಕೂ ಹೆಚ್ಚು ಹರಳುಗಳ ಚಿತ್ರಗಳು ಸೇರಿದ್ದವು.

ಅವನ ಕೆಲಸದ ಕ್ರಮವನ್ನು ಸ್ವಲ್ಪ ಗಮನಿಸೋಣ. ಬೆಂಕಿಯಿಲ್ಲದ ಕೊರೆಯುವ ಕೊಟ್ಟಿಗೆಯೇ ಅವನ ಪ್ರಯೋಗಶಾಲೆ. ಹಿಮ ಬೀಳತೊಡಗಿದೊಡನೆ ಕಪ್ಪು ಹಲಗೆಯೊಂದನ್ನು ಹೊರಗೆ ಚಾಚಿ ಹಿಡಿಯುವನು. ಅದರ ಮೇಲೆ ಬಿದ್ದ ಹರಳುಗಳನ್ನು ಬೂದುಗಾಜಿನಿಂದ ನೋಡಿ, ಬೇಡವಾದವುಗಳನ್ನು ಹಕ್ಕಿಯ ಗರಿಯಿಂದ ಸರಿಸಿಬಿಡುವನು. ಬೇಕಾದ ಹರಳನ್ನು ಸಣ್ಣ ಕಡ್ಡಿಯಿಂದ ಮೆಲ್ಲನೆ ಎತ್ತಿ ಗಾಜಿನ ಪಟ್ಟಿಯ ಮೇಲಿಟ್ಟು, ಗರಿಯಿಂದಲೇ ಒತ್ತಿ ಸಮತಲವಾಗಿ ಮಲಗಿಸುವನು. ಈ ಹೊತ್ತಿನಲ್ಲೆಲ್ಲ ಅವನು ಉಸಿರನ್ನು ಬಿಗಿಹಿಡಿಯಬೇಕಾಗಿತ್ತು. ಬಾಯಿಯ ಬಿಸಿಯುಸಿರು ತಾಗಿದರೆ ಹರಳು ಹೋಯಿತು. ಅನಂತರ ಬೆಳಕಿಗೆ ಎದುರಾಗಿ ಕ್ಯಾಮೆರಾವನ್ನಿಟ್ಟು, ಹಲವು ಸೆಕೆಂಡುಗಳಿಂದ ಹಿಡಿದು ಒಂದೂವರೆ ನಿಮಿಷದವರೆಗೂ ಬೆಳಕನ್ನು ಬಿಡಬೇಕಾಗಿತ್ತು. ಚಳಿಯಲ್ಲಿ ಬೆರಳು ಮರಗಟ್ಟಿದರೂ ಕೈ ನಡುಗುವಂತಿಲ್ಲ. ಮೋಡ ಮುಸುಕಿದ ದಿನವೇ ಹಿಮ ಬೀಳುವುದರಿಂದ ಬೆಳಕು ಸದಾ ಮಂಕು. ಒಳ್ಳೆಯ ಹಿಮಪಾತವಾದರೋ ಒಂದು ಚಳಿಗಾಲದಲ್ಲಿ ಕೆಲವೇ ಬಾರಿ. ಉಳಿದ ಕಾಲವೆಲ್ಲ ಹಸು, ಹುಲ್ಲು, ಹೊಲ. ಅವನು ತನ್ನ ಒಕ್ಕಲುತನವನ್ನು ಬಿಡಲಿಲ್ಲ. ಹಾಲು ಕರೆಯುವುದನ್ನು ಬಿಡಲಿಲ್ಲ.

ಇದರಿಂದ ಅವನಿಗೆ ಬಂದ ಲಾಭವಾದರೂ ಏನು? ತನ್ನ ಚಿತ್ರಗಳ ಗಾಜಿನ ಪ್ರತಿಗಳನ್ನು ಅವನು ಒಂದಕ್ಕೆ ಐದು ಸೆಂಟಿನಂತೆ ಮಾರುತ್ತಿದ್ದನು. ೧೯೦೩ರಲ್ಲಿ ವಾಷಿಂಗ್ಟನ್ನಿನ ಸ್ಮಿತ್‌ಸೋನಿಯನ್ ಸಂಸ್ಥೆಗೆ ೫೦೦ ಚಿತ್ರಗಳನ್ನು ಕಳುಹಿಸಿದನು, ಮುಂದಿನವರಿಗಾಗಿ ಅವು ಅಲ್ಲಿ ಕ್ಷೇಮವಾಗಿರಲೆಂದು. ಊರಿನವರ ಕಣ್ಣಿಗೆ ಅವನು ಒಂದು ಬಗೆಯ ಹುಚ್ಚನೇ. ಒಮ್ಮೆ ಅವರಿಗೂ ಈ ಸೌಂದರ್ಯವನ್ನು ತೋರಿಸೋಣವೆಂದು ಊರಿನಲ್ಲಿ ಒಂದು ಉಪನ್ಯಾಸವನ್ನು ಏರ್ಪಡಿಸಿ, ಶುಲ್ಕವಿಲ್ಲದೆ ಚಿತ್ರಗಳನ್ನು ತೋರಿಸಲು ಸಿದ್ಧನಾದನು. ಅಂದು ಬಂದವರು ಆರೇ ಮಂದಿ. ಇದನ್ನು ಅವನೇ ಮುಂದೆ ಹೇಳಿಕೊಂಡಿದ್ದಾನೆ. ಆದರೂ ಮರುವರ್ಷ ಹಿಮ ಬಿದ್ದಾಗ ಅವನು ಮತ್ತೆ ಕೊಟ್ಟಿಗೆಯಲ್ಲಿದ್ದನು.

ಇಲ್ಲಿಯವರೆಗಿನ ಕಥೆಯಿಂದ ತಾಳ್ಮೆಯ ಮೂರು ಲಕ್ಷಣಗಳನ್ನು ನಾವು ಎತ್ತಿಕೊಳ್ಳಬಹುದು. ಮೊದಲನೆಯದು, ತಾಳ್ಮೆಯೆಂದರೆ ಸುಮ್ಮನೆ ಕುಳಿತಿರುವುದಲ್ಲ, ಅದು ಸನ್ನದ್ಧತೆ. ಹಿಮವು ಮುನ್ಸೂಚನೆ ಕೊಟ್ಟು ಬೀಳುವುದಿಲ್ಲ. ಹಲಗೆ, ಗರಿ, ಗಾಜು ಎಲ್ಲವೂ ಸಿದ್ಧವಾಗಿದ್ದವನಿಗೆ ಮಾತ್ರ ಅದು ದಕ್ಕುತ್ತದೆ. ಎರಡನೆಯದು, ತಾಳ್ಮೆಯೆಂದರೆ ತನ್ನನ್ನು ತಾನು ತಡೆಹಿಡಿಯುವುದು. ನಾವು ಬಯಸಿದ ವಸ್ತುವನ್ನು ನಮ್ಮ ಬಿಸಿಯುಸಿರೇ ಕರಗಿಸಬಲ್ಲದು ಎಂಬುದನ್ನು ಬೆಂಟ್ಲಿಯು ಪ್ರತಿದಿನವೂ ಕಂಡನು. ಪ್ರೀತಿಯಲ್ಲಿಯೂ ಶಿಕ್ಷಣದಲ್ಲಿಯೂ ಈ ಮಾತು ಎಷ್ಟು ದಿಟ! ಮಗನು ಬೇಗ ಬೆಳೆಯಲೆಂಬ ತಂದೆಯ ಆತುರವೇ ಮಗನ ಬೆಳವಣಿಗೆಗೆ ಅಡ್ಡಿಯಾಗುವುದನ್ನು ನಾವು ಕಾಣುವುದಿಲ್ಲವೇ? ಮೂರನೆಯದು, ತಾಳ್ಮೆಯು ನಷ್ಟವನ್ನು ಒಪ್ಪಿಕೊಳ್ಳುತ್ತದೆ. ಅವನು ಹಿಡಿದ ಹರಳುಗಳು ೫,೦೦೦. ಕೈತಪ್ಪಿ ಕರಗಿದವುಗಳಿಗೆ ಲೆಕ್ಕವಿಲ್ಲ. ಕರಗಿದುದಕ್ಕಾಗಿ ಅಳುತ್ತ ಕುಳಿತವನು ಮುಂದಿನದನ್ನು ಹಿಡಿಯಲಾರನು.

ಇಷ್ಟಕ್ಕೇ ಲೇಖನವನ್ನು ಮುಗಿಸಿದ್ದರೆ ಇದೊಂದು ಒಳ್ಳೆಯ ನೀತಿಕಥೆಯಾಗುತ್ತಿತ್ತು. ಆದರೆ ಬೆಂಟ್ಲಿಯ ಚರಿತ್ರೆಯಲ್ಲಿ ಇನ್ನೊಂದು ಮುಖವೂ ಇದೆ. ನಮ್ಮ ಪ್ರಶ್ನೆಗೆ ನಿಜವಾದ ಸವಾಲು ಇರುವುದು ಅಲ್ಲಿಯೇ.

ಹಕ್ಕಿಯ ಗರಿಯಿಂದ ಅವನು ಸರಿಸಿಬಿಡುತ್ತಿದ್ದ ಹರಳುಗಳ ವಿಷಯವನ್ನು ಮೇಲೆ ಹೇಳಿದೆನಷ್ಟೆ. ಅವು ಯಾವುವು? ಒಂದು ಭುಜ ಮುರಿದವು; ಒಂದು ಕಡೆ ಹೆಚ್ಚು, ಒಂದು ಕಡೆ ಕಡಿಮೆ ಬೆಳೆದವು; ಬರುವ ದಾರಿಯಲ್ಲಿ ಒಂದಕ್ಕೊಂದು ತಾಗಿ ಜಜ್ಜಿಹೋದವು; ಮೈಗೆಲ್ಲ ಹೆಪ್ಪಿನ ಹನಿಗಳು ಮೆತ್ತಿಕೊಂಡವು. ಆರು ಭುಜಗಳೂ ಸಮಾನವಾಗಿರುವ, ಕುಂದಿಲ್ಲದ ಹರಳಿಗಾಗಿ ಅವನು ಕಾಯುತ್ತಿದ್ದನು. ವಸ್ತುಸ್ಥಿತಿಯೇನೆಂದರೆ ಆಕಾಶದಿಂದ ಬೀಳುವ ಹರಳುಗಳಲ್ಲಿ ಹೆಚ್ಚಿನವು ಕುಂದುಳ್ಳವುಗಳೇ, ಸರ್ವಾಂಗಸುಂದರವಾದವು ವಿರಳ. ಅದಲ್ಲದೆ ಅವನ ಮೂಲ ಚಿತ್ರದಲ್ಲಿ ಬಿಳಿಯ ಹರಳು ಬೆಳ್ಳನೆಯ ಹಿನ್ನೆಲೆಯಲ್ಲಿ ಮಸುಕಾಗಿ ಕಾಣುತ್ತಿತ್ತು. ಅದು ಎದ್ದು ತೋರಲೆಂದು ಅವನು ನೆಗೆಟಿವಿನ ಒಂದು ಪ್ರತಿಯನ್ನು ಮಾಡಿಕೊಂಡು, ಹರಳಿನ ಅಂಚಿನ ಸುತ್ತಲಿನ ಲೇಪವನ್ನು ಚೂರಿಯ ಮೊನೆಯಿಂದ ಗಂಟೆಗಟ್ಟಲೆ ಕೆರೆದು ತೆಗೆಯುತ್ತಿದ್ದನು. ಆಗ ಹಿನ್ನೆಲೆ ಕಪ್ಪಾಗಿ ಹರಳು ನಕ್ಷತ್ರದಂತೆ ಹೊಳೆಯುತ್ತಿತ್ತು.

ಅದೇ ಕಾಲದಲ್ಲಿ ಜರ್ಮನಿಯ ಬರ್ಲಿನ್ ನಗರದಲ್ಲಿ ಗುಸ್ತಾವ್ ಹೆಲ್‌ಮನ್ ಎಂಬ ಹವಾಮಾನ ಶಾಸ್ತ್ರಜ್ಞನಿದ್ದನು. ಅವನಿಗಾಗಿ ರಿಚರ್ಡ್ ನಾಯ್‌ಹೌಸ್ ಎಂಬ ವೈದ್ಯನು ಹಿಮದ ಹರಳುಗಳ ಛಾಯಾಚಿತ್ರಗಳನ್ನು ತೆಗೆದನು. ಅವುಗಳನ್ನು ಒಳಗೊಂಡ ಹೆಲ್‌ಮನ್ನನ ಪುಸ್ತಕವು ೧೮೯೩ರಲ್ಲಿ ಪ್ರಕಟವಾಯಿತು. ಆ ಚಿತ್ರಗಳಲ್ಲಿನ ಹರಳುಗಳು ಬಹುಮಟ್ಟಿಗೆ ಓರೆಕೋರೆ. ಹಿಂದಿನ ವಿದ್ವಾಂಸರು ಕೈಯಿಂದ ಬರೆದಿದ್ದ ಸುಂದರವಾದ ಆರು ಮೂಲೆಯ ಚಿತ್ರಗಳನ್ನು ನೋಡಿ ಬೆಳೆದವರಿಗೆ ಅವು ನಿರಾಶೆಯನ್ನೇ ತಂದಿರಬೇಕು. ಆದರೆ ಹೆಲ್‌ಮನ್ನನ ನಿಲುವು ದೃಢವಾಗಿತ್ತು: ಇವು ಸುಂದರವಲ್ಲದಿರಬಹುದು, ಆದರೆ ನಿಜ. ಮುಂದೆ ಬೆಂಟ್ಲಿಯ ಚಿತ್ರಗಳನ್ನು ಕಂಡಾಗ, ಅಂಚನ್ನು ಕೆರೆದು ಹರಳಿನ ಆಕಾರವನ್ನೇ ಕೆಡಿಸಲಾಗಿದೆಯೆಂದು ಅವನು ಆಕ್ಷೇಪಿಸಿದನು. ಪ್ರಕೃತಿಗೆ ನಿಷ್ಠವಾದ ಚಿತ್ರವನ್ನು ಕೊಡುವುದೇ ತನ್ನ ಉದ್ದೇಶವೆಂದೂ, ತಿದ್ದುವಿಕೆಯು ಅದಕ್ಕೆ ನೆರವಾಗುವುದಾದರೆ ಅದು ತಪ್ಪಲ್ಲವೆಂದೂ ಬೆಂಟ್ಲಿಯ ಉತ್ತರವಾಗಿತ್ತು.

ಇಬ್ಬರಲ್ಲಿ ಯಾರು ಸರಿ? ಇಬ್ಬರೂ ತಾಳ್ಮೆಯುಳ್ಳವರೇ, ಇಬ್ಬರೂ ಪ್ರಾಮಾಣಿಕರೇ. ಒಬ್ಬನು ಹಿಮದ ಅಂತರಂಗದಲ್ಲಿರುವ ನಿಯಮವನ್ನು ಕಾಣಿಸಲು ಕಾದನು; ಮತ್ತೊಬ್ಬನು ಹಿಮವು ಎದುರಿಗೆ ಹೇಗಿದೆಯೋ ಹಾಗೆ ಕಾಣಿಸಲು ನಿಂತನು. ಒಬ್ಬನಿಗೆ ಪರಿಪೂರ್ಣತೆಯೇ ಸತ್ಯ. ಇನ್ನೊಬ್ಬನಿಗೆ ಇರುವಿಕೆಯೇ ಸತ್ಯ. ಇದು ಎಂದೋ ಎಲ್ಲೋ ನಡೆದ ಎರಡು ಪಂಡಿತರ ವಾದವೆಂದು ತಳ್ಳಿಹಾಕುವಂತಿಲ್ಲ. ನಾವು ಮನುಷ್ಯರನ್ನು ನೋಡುವಾಗಲೂ ಈ ಎರಡು ಕಣ್ಣುಗಳಲ್ಲಿ ಒಂದರಿಂದಲೇ ನೋಡುತ್ತೇವೆ. ಇದನ್ನು ನನಗೆ ಕಲಿಸಿದುದು ಯಾವ ಗ್ರಂಥವೂ ಅಲ್ಲ; ನನ್ನ ಮನೆಯಲ್ಲಿರುವ ಒಂದು ಹಳೆಯ ಛಾಯಾಚಿತ್ರ.

ನಾನು ಪ್ರೌಢಶಾಲೆಯಲ್ಲಿ ಓದುತ್ತಿದ್ದಾಗ ವಿದ್ಯಾರ್ಥಿನಿಲಯದ ಹುಡುಗರೆಲ್ಲರ ಒಂದು ಗುಂಪುಚಿತ್ರವನ್ನು ತೆಗೆಸುವುದೆಂದು ನಿಶ್ಚಯವಾಯಿತು. ಪಟ್ಟಣದಿಂದ ಛಾಯಾಗ್ರಾಹಕರೊಬ್ಬರು ಮುಕ್ಕಾಲಿ ಪೀಠ, ದೊಡ್ಡ ಪೆಟ್ಟಿಗೆಯ ಕ್ಯಾಮೆರಾಗಳೊಡನೆ ಬಂದರು. ತಮ್ಮ ಕೆಲಸದಲ್ಲಿ ಅವರಿಗೆ ಅಪಾರ ಶ್ರದ್ಧೆ. ಬಿಸಿಲು ಇಳಿಯಲೆಂದು ಕಾದರು. ಎತ್ತರದವರನ್ನು ಹಿಂದೆ, ಗಿಡ್ಡರನ್ನು ಮುಂದೆ ನಿಲ್ಲಿಸಿದರು. ಟೋಪಿ ನೇರಮಾಡಿದರು, ಗುಂಡಿ ಹಾಕಿಸಿದರು. ಕಪ್ಪು ಬಟ್ಟೆಯೊಳಗೆ ತಲೆ ಹುದುಗಿಸಿ ನೋಡಿ ಮತ್ತೆ ಹೊರಬಂದು ಸಾಲನ್ನು ತಿದ್ದಿದರು. ಒಮ್ಮೆಯೂ ಗದರಲಿಲ್ಲ. ನಮ್ಮಲ್ಲಿ ಪೋಲಿಯೋದಿಂದ ಒಂದು ಕಾಲು ಸೊರಗಿದ್ದ ಗೆಳೆಯನೊಬ್ಬನಿದ್ದನು. ಅವನು ಕೋಲಿಗೆ ಒರಗಿ ನಿಂತರೆ ಭುಜ ಒಂದು ಕಡೆಗೆ ವಾಲುತ್ತಿತ್ತು, ಸಾಲು ಸರಿಬರುತ್ತಿರಲಿಲ್ಲ. ಛಾಯಾಗ್ರಾಹಕರು ಬಹಳ ಮೃದುವಾಗಿಯೇ, ‘ತಮ್ಮಾ, ನೀನು ಸ್ವಲ್ಪ ಹಿಂದಕ್ಕೆ ನಿಲ್ಲಪ್ಪಾ’ ಎಂದರು. ಅವನು ಏನೂ ಹೇಳದೆ ಹಿಂದಿನ ಸಾಲಿನ ಎತ್ತರದ ಹುಡುಗನ ಬೆನ್ನಿಗೆ ಹೋಗಿ ನಿಂತನು. ಪಕ್ಕದಲ್ಲಿದ್ದ ನಾನೂ ಏನೂ ಹೇಳಲಿಲ್ಲ. ಚಿತ್ರ ಬಹಳ ಚೆನ್ನಾಗಿ ಬಂತು. ಒಬ್ಬನ ಕಣ್ಣೂ ಮುಚ್ಚಿಲ್ಲ. ಸಾಲು ದಾರ ಹಿಡಿದಂತಿದೆ. ನನ್ನ ಗೆಳೆಯನ ತಲೆಗೂದಲು ಮಾತ್ರ ಒಂದಿಷ್ಟು ಕಾಣುತ್ತದೆ. ಆ ಚಿತ್ರವನ್ನು ಕೈಗೆತ್ತಿಕೊಂಡಾಗಲೆಲ್ಲ ಇಂದಿಗೂ ನನ್ನ ಕಣ್ಣು ಹುಡುಕುವುದು ಕಾಣುವ ಮುಖಗಳನ್ನಲ್ಲ, ಆ ಕಾಣದ ಮುಖವನ್ನು.

ಆ ಛಾಯಾಗ್ರಾಹಕರು ಕೆಟ್ಟವರೇ? ಖಂಡಿತ ಅಲ್ಲ. ಅವರಲ್ಲಿ ತಾಳ್ಮೆಯಿತ್ತು, ನಿಷ್ಠೆಯಿತ್ತು, ಮಾತಿನಲ್ಲಿ ನಯವೂ ಇತ್ತು. ಆದರೆ ಅವರ ತಾಳ್ಮೆಯೆಲ್ಲ ಚಿತ್ರದ ಕಡೆಗಿತ್ತು, ಚಿತ್ರದಲ್ಲಿರಬೇಕಾದವರ ಕಡೆಗಿರಲಿಲ್ಲ. ಪರಿಪೂರ್ಣತೆಯ ಸಾಧನೆಯಲ್ಲಿ ಅಡಗಿರುವ ಅಪಾಯ ಇದೇ. ನಾವು ಒಂದು ಆದರ್ಶವನ್ನು ಮನಸ್ಸಿನಲ್ಲಿಟ್ಟುಕೊಂಡು ಕಾಯತೊಡಗಿದಾಗ, ಅದಕ್ಕೆ ಹೊಂದದಿರುವುದನ್ನೆಲ್ಲ ಗರಿಯಿಂದ ಸರಿಸತೊಡಗುತ್ತೇವೆ. ಹಿಮದ ಹರಳನ್ನು ಸರಿಸಿದರೆ ಅದಕ್ಕೆ ನೋವಿಲ್ಲ. ಆದರೆ ಮೊದಲ ದರ್ಜೆಯಲ್ಲಿ ತೇರ್ಗಡೆಯಾಗುವ ಹುಡುಗರನ್ನಷ್ಟೇ ಮುಂದಿನ ಬೆಂಚಿನಲ್ಲಿ ಕೂರಿಸುವ ಉಪಾಧ್ಯಾಯನೂ, ಅತಿಥಿಗಳು ಬಂದಾಗ ಬುದ್ಧಿಮಾಂದ್ಯವುಳ್ಳ ಮಗುವನ್ನು ಒಳಕೋಣೆಗೆ ಕಳುಹಿಸುವ ಮನೆಯವರೂ, ಸಮಾರಂಭದ ದಿನ ದಾರಿಯ ಗುಡಿಸಲುಗಳಿಗೆ ಪರದೆ ಕಟ್ಟಿಸುವ ಊರಿನವರೂ ಸರಿಸುತ್ತಿರುವುದು ಹರಳುಗಳನ್ನಲ್ಲ.

ಹಾಗಾದರೆ ಪರಿಪೂರ್ಣತೆಯ ಹಂಬಲವನ್ನೇ ಬಿಡಬೇಕೆ? ಅದೂ ಸರಿಯಲ್ಲ. ಬೆಂಟ್ಲಿಗೆ ಸೌಂದರ್ಯದ ಹಂಬಲವಿಲ್ಲದಿದ್ದರೆ ಅವನು ೪೬ ಚಳಿಗಾಲಗಳನ್ನು ಆ ಕೊಟ್ಟಿಗೆಯಲ್ಲಿ ಕಳೆಯುತ್ತಿದ್ದನೇ? ಅವನು ತೋರಿಸದಿದ್ದರೆ ಕಾಲಡಿಯ ಹಿಮದಲ್ಲಿ ಇಂತಹ ಒಂದು ಲೋಕವಿದೆಯೆಂದು ಜನಸಾಮಾನ್ಯರು ಅರಿಯುತ್ತಿದ್ದರೇ? ಆದರ್ಶವಿಲ್ಲದ ತಾಳ್ಮೆ ಜಡತೆಯಾಗುತ್ತದೆ. ಆದುದರಿಂದ ಬಿಡಬೇಕಾದುದು ಆದರ್ಶವನ್ನಲ್ಲ, ಆದರ್ಶಕ್ಕಾಗಿ ಇರುವುದನ್ನು ಅಲ್ಲಗಳೆಯುವ ಕಣ್ಣನ್ನು. ಇದು ಸಾಧ್ಯವೇ? ಸಾಧ್ಯವೆಂಬುದಕ್ಕೆ ಈ ಕಥೆಯ ಮೂರನೆಯ ವ್ಯಕ್ತಿಯೇ ಸಾಕ್ಷಿ.

ಬೆಂಟ್ಲಿಯ ಚಿತ್ರಗಳಿಂದ ಸ್ಫೂರ್ತಿಗೊಂಡವರಲ್ಲಿ ಜಪಾನಿನ ಭೌತವಿಜ್ಞಾನಿ ಉಕಿಚಿರೊ ನಕಾಯನೂ ಒಬ್ಬನು. ೧೯೩೦ರಲ್ಲಿ ಆತನು ಜಪಾನಿನ ಉತ್ತರದ ಹೊಕ್ಕೈಡೋ ದ್ವೀಪದ ವಿಶ್ವವಿದ್ಯಾನಿಲಯಕ್ಕೆ ಅಧ್ಯಾಪಕನಾಗಿ ಬಂದನು. ಅಲ್ಲಿ ಹೇರಳವಾಗಿದ್ದ ವಸ್ತುವೆಂದರೆ ಹಿಮ. ಅದನ್ನೇ ತನ್ನ ಅಧ್ಯಯನದ ವಿಷಯವನ್ನಾಗಿ ಮಾಡಿಕೊಂಡನು. ಆತನೂ ಸುಮಾರು ೩,೦೦೦ ಛಾಯಾಚಿತ್ರಗಳನ್ನು ತೆಗೆದನು. ಆದರೆ ಬೆಂಟ್ಲಿಯು ಗರಿಯಿಂದ ಸರಿಸುತ್ತಿದ್ದ ಹರಳುಗಳನ್ನು ಈತನು ಸರಿಸಲಿಲ್ಲ. ನಕ್ಷತ್ರದಂತಹವು, ಸೂಜಿಯಂತಹವು, ಕಂಬದಂತಹವು, ಹೆಪ್ಪಿನ ಹನಿ ಮೆತ್ತಿದವು, ಯಾವ ಆಕಾರಕ್ಕೂ ಸೇರದವು, ಎಲ್ಲವನ್ನೂ ಹಿಡಿದು ವರ್ಗೀಕರಿಸಿದನು. ಒಂದೊಂದು ಆಕಾರವೂ ಏಕೆ ಹಾಗಾಯಿತೆಂದು ಕೇಳಿದನು. ಅದನ್ನು ತಿಳಿಯಲು ಶೀತಲಗೃಹದೊಳಗೆ ತಾನೇ ಹಿಮವನ್ನು ಬೆಳೆಸಲು ತೊಡಗಿದನು. ಹರಳು ಕೂರಲು ಆಸರೆಯಾಗಿ ಬೇರೆ ಬೇರೆ ಎಳೆಗಳನ್ನು ಪರೀಕ್ಷಿಸಿ, ಕೊನೆಗೆ ೧೯೩೬ರ ಮಾರ್ಚ್ ೧೨ರಂದು ಮೊಲದ ಕೂದಲೊಂದರ ತುದಿಯಲ್ಲಿ ಜಗತ್ತಿನ ಮೊದಲ ಕೃತಕ ಹಿಮದ ಹರಳನ್ನು ಬೆಳೆಸಿದನು.

ಆತನ ಪ್ರಯೋಗಗಳಿಂದ ತಿಳಿದುಬಂದ ಸಂಗತಿ ನಮಗೆ ಬಹು ಮುಖ್ಯವಾದುದು. ಹರಳಿನ ಆಕಾರವು ಅದು ಬೆಳೆದ ಗಾಳಿಯ ಶೀತವನ್ನೂ ತೇವವನ್ನೂ ಅವಲಂಬಿಸಿದೆ. ಸೊನ್ನೆಗಿಂತ ಸುಮಾರು ೫ ಡಿಗ್ರಿ ಕೆಳಗಿನ ಶೀತದಲ್ಲಿ ಸೂಜಿ ಮತ್ತು ಕಂಬಗಳು, ಸುಮಾರು ೧೫ ಡಿಗ್ರಿ ಕೆಳಗೆ ಕವಲೊಡೆದ ನಕ್ಷತ್ರಗಳು ಮೂಡುತ್ತವೆ. ಆದುದರಿಂದ ನೆಲಕ್ಕೆ ಬಿದ್ದ ಹರಳನ್ನು ನೋಡಿ ಮೇಲಿನ ಆಕಾಶದ ಸ್ಥಿತಿಯನ್ನು ಓದಬಹುದು. ಹರಳೆಂಬುದು ಆಕಾಶವು ಬರೆದು ಕಳುಹಿಸಿದ ಓಲೆಯಿದ್ದಂತೆ. ಹೀಗೆ ನೋಡಿದಾಗ ಓರೆಕೋರೆಯಾದ ಹರಳು ಕೆಟ್ಟ ಹರಳಲ್ಲ. ಅದರ ಮುರಿದ ಭುಜವು ಅದು ತಿಂದ ಪೆಟ್ಟನ್ನು ಹೇಳುತ್ತದೆ. ಮೈಗೆ ಮೆತ್ತಿದ ಹೆಪ್ಪು ಅದು ದಾಟಿಬಂದ ಮೋಡವನ್ನು ಹೇಳುತ್ತದೆ. ಕುಂದಿಲ್ಲದ ಹರಳಿನಲ್ಲಿ ನಿಯಮವನ್ನು ಕಾಣುತ್ತೇವೆ. ಕುಂದುಳ್ಳ ಹರಳಿನಲ್ಲಿ ಅದು ಬಂದ ದಾರಿಯನ್ನು ಕಾಣುತ್ತೇವೆ. ಎರಡನ್ನೂ ಕಂಡವನೇ ಹಿಮವನ್ನು ಕಂಡವನು. ಮನುಷ್ಯರ ವಿಷಯದಲ್ಲಿಯೂ ಇದಕ್ಕಿಂತ ಬೇರೆಯಾಗಿ ಹೇಳಬೇಕಾದುದು ಏನಿದೆ?

ಆದುದರಿಂದ ತಾಳ್ಮೆಯಲ್ಲಿ ಎರಡು ಮೆಟ್ಟಿಲುಗಳಿವೆಯೆಂದು ಹೇಳಬಹುದು. ನಾವು ಬಯಸಿದುದು ಬರುವ ತನಕ ಕಾಯುವುದು ಮೊದಲನೆಯ ಮೆಟ್ಟಿಲು. ಬಂದುದನ್ನು ಅರ್ಥಮಾಡಿಕೊಳ್ಳುವ ತನಕ ಕಾಯುವುದು ಎರಡನೆಯದು. ಮೊದಲನೆಯದರಲ್ಲಿ ಕಾಲವನ್ನು ಗೆಲ್ಲುತ್ತೇವೆ; ಎರಡನೆಯದರಲ್ಲಿ ನಮ್ಮ ಇಷ್ಟಾನಿಷ್ಟಗಳನ್ನು ಗೆಲ್ಲುತ್ತೇವೆ. ಕೊಕ್ಕರೆಯು ಮೊದಲನೆಯ ಮೆಟ್ಟಿಲಿನಲ್ಲಿಯೇ ನಿಂತಿದೆ. ಮೀನು ಬಂದೊಡನೆ ಅದರ ಧ್ಯಾನ ಮುಗಿಯಿತು. ಬೆಂಟ್ಲಿಯನ್ನು ಆ ಮೆಟ್ಟಿಲಿನಲ್ಲಿಯೇ ನಿಲ್ಲಿಸಿದರೆ ಅವನಿಗೆ ಅನ್ಯಾಯ ಮಾಡಿದಂತೆ. ಅವನು ಪ್ರತಿಯನ್ನು ಕೆರೆದನೇ ಹೊರತು ಮೂಲ ನೆಗೆಟಿವನ್ನು ಹಾಗೆಯೇ ಉಳಿಸಿದನು. ಯಾರಾದರೂ ಹೋಲಿಸಿ ನೋಡಬಹುದಾಗಿತ್ತು. ತಿದ್ದಿದವನು ತಿದ್ದದಿರುವುದನ್ನೂ ಕಾಪಾಡಿದನೆಂಬುದು ಅವನ ಪ್ರಾಮಾಣಿಕತೆಗೆ ಸಾಕ್ಷಿ. ಅಷ್ಟೇ ಅಲ್ಲ, ಸೌಂದರ್ಯವಿಲ್ಲದ ಕಡೆಗೂ ಅವನ ಕಣ್ಣು ಹರಿದಿತ್ತು. ಮಳೆಹನಿಗಳ ಗಾತ್ರವನ್ನು ಅಳೆಯಲು ಅವನು ಒಂದು ತಟ್ಟೆಯಲ್ಲಿ ನಯವಾದ ಹಿಟ್ಟನ್ನು ಹರವಿ ಮಳೆಗೆ ಹಿಡಿಯುತ್ತಿದ್ದನು. ಹನಿ ಬಿದ್ದಲ್ಲಿ ಹಿಟ್ಟು ಉಂಡೆಗಟ್ಟುತ್ತಿತ್ತು. ಒಣಗಿದ ಮೇಲೆ ಆ ಉಂಡೆಗಳನ್ನು ಅಳೆದು ಹನಿಯ ಗಾತ್ರವನ್ನು ನಿರ್ಧರಿಸುತ್ತಿದ್ದನು. ೧೯೦೪ರಲ್ಲಿ ಈ ಅಧ್ಯಯನವನ್ನು ಪ್ರಕಟಿಸಿದನು. ಅಡುಗೆಮನೆಯ ಹಿಟ್ಟಿನ ತಟ್ಟೆಯೇ ಅವನಿಗೆ ವಿಜ್ಞಾನದ ಉಪಕರಣವಾಯಿತು. ಇದರಲ್ಲಿ ತೋರಿಸಿಕೊಳ್ಳುವ ಅಂದವೇನೂ ಇರಲಿಲ್ಲ. ತಿಳಿಯುವ ಆಸೆ ಮಾತ್ರ ಇತ್ತು.

ಅವನ ಅಂತ್ಯವೂ ಅವನ ಬಾಳಿಗೆ ತಕ್ಕುದಾಗಿಯೇ ಇತ್ತು. ೧೯೩೧ರಲ್ಲಿ ಅಮೆರಿಕದ ಹವಾಮಾನ ಇಲಾಖೆಯ ವಿಲಿಯಂ ಹಂಫ್ರೀಸ್ ಎಂಬ ವಿಜ್ಞಾನಿಯ ಸಹಯೋಗದಲ್ಲಿ ಅವನ ೨,೪೦೦ಕ್ಕೂ ಹೆಚ್ಚು ಚಿತ್ರಗಳ ಗ್ರಂಥವು ಹೊರಬಂದಿತು. ಬದುಕಿನ ಶ್ರಮವೆಲ್ಲ ಪುಸ್ತಕವಾಗಿ ಕೈಗೆ ಬಂದು ಕೆಲವೇ ವಾರಗಳಾಗಿದ್ದವು. ಡಿಸೆಂಬರಿನಲ್ಲಿ ಹಿಮಗಾಳಿಯಲ್ಲಿ ಮೈಲುಗಟ್ಟಲೆ ನಡೆದು ಮನೆಗೆ ಬಂದವನಿಗೆ ನ್ಯುಮೋನಿಯಾ ತಗಲಿತು. ಡಿಸೆಂಬರ್ ೨೩ರಂದು ತಾನು ಹುಟ್ಟಿ ಬೆಳೆದ ಆ ಹೊಲಮನೆಯಲ್ಲಿಯೇ ತೀರಿಕೊಂಡನು. ಯಾವ ಊರಿನಲ್ಲಿ ಅವನ ಉಪನ್ಯಾಸಕ್ಕೆ ಆರು ಜನ ಬಂದಿದ್ದರೋ ಆ ಊರಿನಲ್ಲಿ ಮುಂದೆ ಅವನ ಚಿತ್ರಗಳಿಗಾಗಿಯೇ ಒಂದು ವಸ್ತುಸಂಗ್ರಹಾಲಯವು ಸ್ಥಾಪಿತವಾಯಿತು. ಆದರೆ ಅವನ ಸಾರ್ಥಕ್ಯವನ್ನು ನಾವು ಈ ಕೀರ್ತಿಯಲ್ಲಿ ಕಾಣಬಾರದು. ಕೀರ್ತಿ ಬಾರದಿದ್ದರೂ ಅವನು ಮುಂದಿನ ಹಿಮಕ್ಕೆ ಹಲಗೆಯನ್ನು ಚಾಚಿಯೇ ಇರುತ್ತಿದ್ದನು.

ಈಗ ಪ್ರತಿಯೊಬ್ಬರ ಕಿಸೆಯಲ್ಲಿಯೂ ಒಂದು ಕ್ಯಾಮೆರಾ ಇದೆ. ಮೊಬೈಲ್ ಫೋನಿನಲ್ಲಿ ಕಣ್ಣು ಮಿಟುಕಿಸುವಷ್ಟರಲ್ಲಿ ಹತ್ತಾರು ಚಿತ್ರಗಳನ್ನು ತೆಗೆದು, ಚೆನ್ನಾಗಿರುವುದನ್ನು ಉಳಿಸಿ, ಮಿಕ್ಕುದನ್ನು ಅಳಿಸಿಬಿಡುತ್ತೇವೆ. ಮುಖದ ಮೇಲಿನ ಕಲೆಯನ್ನು ಬೆರಳ ತುದಿಯಲ್ಲಿಯೇ ಒರೆಸಿಹಾಕುತ್ತೇವೆ. ಬೆಂಟ್ಲಿಯು ಗಂಟೆಗಟ್ಟಲೆ ಮಾಡುತ್ತಿದ್ದ ಕೆಲಸ ಈಗ ಕ್ಷಣದ ಕೆಲಸ. ಸಾಧನ ಸುಲಭವಾಯಿತೆಂದು ದುಃಖಿಸಬೇಕಾಗಿಲ್ಲ. ಆದರೆ ಸರಿಸುವ ಗರಿಯು ಈಗ ಎಲ್ಲರ ಕೈಯಲ್ಲಿಯೂ ಇದೆಯೆಂಬ ಎಚ್ಚರ ಬೇಕು. ಮಗಳ ಮದುವೆಯ ಚಿತ್ರಗಳಲ್ಲಿ ಅಜ್ಜಿಯ ಬೊಚ್ಚುಬಾಯಿಯ ನಗು ಅಂದಗೆಡಿಸುತ್ತದೆಂದು ಅದನ್ನು ಅಳಿಸಹೊರಟಾಗ, ಒಂದು ಗಳಿಗೆ ಉಸಿರು ಹಿಡಿದು ಯೋಚಿಸೋಣ. ಹತ್ತು ವರ್ಷಗಳ ಮೇಲೆ ನಾವು ಹುಡುಕುವುದು ಆ ನಗುವನ್ನೇ ಇರಬಹುದು.

ತಾಳ್ಮೆಯ ಗುರಿ ಯಾವುದೆಂಬ ಪ್ರಶ್ನೆಯಿಂದ ನಾವು ಹೊರಟೆವು. ತಾಳ್ಮೆಯ ಗುರಿ ಕುಂದಿಲ್ಲದ ಚಿತ್ರವಲ್ಲ, ಕುಂದಿಲ್ಲದ ನೋಟ. ವಸ್ತುವಿನಲ್ಲಿ ಅಂದವಿದ್ದರೆ ಅದನ್ನು ಕಾಣುವವರೆಗೆ, ಅಂದವಿಲ್ಲದಿದ್ದರೆ ಅದು ಏಕೆ ಹಾಗಿದೆಯೆಂದು ತಿಳಿಯುವವರೆಗೆ, ಎರಡರಲ್ಲಿಯೂ ಮುಖ ತಿರುಗಿಸದೆ ನಿಲ್ಲುವುದು. ಮನೆಯಲ್ಲಿ, ಶಾಲೆಯಲ್ಲಿ, ಸಮಾಜದಲ್ಲಿ ಸಾಲನ್ನು ನೇರಮಾಡುವ ಅಧಿಕಾರ ನಮ್ಮ ಕೈಗೆ ಬಂದಾಗಲೆಲ್ಲ ಈ ಮಾತನ್ನು ನೆನೆಯಬೇಕು. ನನ್ನ ಗೆಳೆಯನು ಈಗಿಲ್ಲ. ಅಂದು ಆ ಸಾಲಿನಲ್ಲಿ ನಾನು ಒಂದು ಮಾತು ಹೇಳಬಹುದಾಗಿತ್ತು: ‘ಅವನು ಇಲ್ಲೇ ನಿಲ್ಲಲಿ, ಸಾಲು ಓರೆಯಾದರೆ ಆಗಲಿ’ ಎಂದು. ಹೇಳಿದ್ದರೆ ಆ ಚಿತ್ರದಲ್ಲಿ ಒಂದು ಭುಜ ವಾಲಿರುತ್ತಿತ್ತು; ಆದರೆ ಅದರಲ್ಲಿ ನಾವೆಲ್ಲರೂ ಇರುತ್ತಿದ್ದೆವು.